ಮೂರನೇ ಒಲೆ

ಎರಡು ಸಾವಿರದ ಇಸವಿಯ ನಂತರದ ಮೊದಲ ಕೆಲವು ವರ್ಷಗಳಲ್ಲಿ, ನಮ್ಮ ಕಡೆಯ ಮನೆಗಳ ಟಿವಿಗೆಲ್ಲ ಕೇಬಲ್ಲೇ ಗತಿಯಾಗಿದ್ದಾಗ, ಒಂದು ಸ್ಥಳೀಯ ವಾಹಿನಿಯವರು ಅಡುಗೆ ಸ್ಪರ್ಧೆ ನಡೆಸಲು ಹೊರಟರು. ಬಾಣಸಿಗರಾಗುವ ಆಸೆಯಿದ್ದವರು ಯಾರೂ ಬರಬಹುದು. ಗೆದ್ದವರಿಗೆ ಮಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಸಹಾಯಕ ಬಾಣಸಿಗರ ಕೆಲಸ. ಕಾರ್ಯಕ್ರಮದ ನಿರ್ಮಾಪಕರು ಬಂಟ್ವಾಳ ಪೇಟೆಯ ನನ್ನ ಅಂಗಡಿಗೆ ಬಂದು ಕುಳಿತರು. ನಾನು ಬ್ಯಾರಿ, ಈ ಕಡೆಯ ಮುಸಲ್ಮಾನ, ಗ್ಯಾಸ್ ಒಲೆ ರಿಪೇರಿ ಮಾಡುವವನು.

"ಬ್ಯಾರಿಗಳೇ, ಹನ್ನೆರಡು ಒಲೆ ಬೇಕು. ಹನ್ನೆರಡೂ ಒಂದೇ ರೀತಿ ಉರಿಯಬೇಕು. ನಾಳೆ ಯಾರೂ ನನ್ನ ಒಲೆ ಸರಿ ಇರ್ಲಿಲ್ಲ ಅಂತ ಹೇಳ್ಬಾರ್ದು" ಎಂದರು.

ಕೇಳಲು ಸುಲಭದ ಮಾತು. ಆದರೆ ಒಂದೇ ಕಂಪನಿಯ, ಒಂದೇ ದಿನ ಕೊಂಡ ಎರಡು ಒಲೆಗಳೂ ಒಂದೇ ರೀತಿ ಉರಿಯುವುದಿಲ್ಲ. ಗ್ಯಾಸು ಹೊರಬರುವ ಜೆಟ್ಟಿನ ತೂತು ಕೂದಲೆಳೆಯಷ್ಟು ವ್ಯತ್ಯಾಸವಾದರೆ ಸಾಕು, ಒಂದರಲ್ಲಿ ಸಾರು ಕುದಿದು ಇಳಿಯುವಾಗ ಇನ್ನೊಂದರಲ್ಲಿ ಬೇಳೆಯೇ ಬೆಂದಿರುವುದಿಲ್ಲ. ನಾನು ಹನ್ನೆರಡನ್ನೂ ಬಿಚ್ಚಿ, ಜೆಟ್ಟು ತೆಗೆದು ತೊಳೆದು, ಬರ್ನರಿನ ಕಿಂಡಿಗಳನ್ನು ತಂತಿಯಿಂದ ಬಿಡಿಸಿದೆ. ಆಮೇಲೆ ಒಂದೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ಒಂದು ಲೀಟರ್ ನೀರಿಟ್ಟು, ಗಡಿಯಾರ ಹಿಡಿದು, ಪ್ರತಿ ಒಲೆಯಲ್ಲೂ ಕುದಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಬರೆದುಕೊಂಡೆ. ನಿಧಾನದ ಒಲೆಗೆ ಜೆಟ್ಟು ಬದಲಿಸಿದೆ, ಗಾಳಿ ಹೋಗುವ ಕಿಂಡಿಯನ್ನು ಸರಿಪಡಿಸಿದೆ, ಮತ್ತೆ ನೀರಿಟ್ಟೆ. ಒಂಬತ್ತು ದಿನ ಇದೇ ಕೆಲಸ. ಕೊನೆಗೆ ಹನ್ನೆರಡರ ನಡುವೆ ಅರ್ಧ ನಿಮಿಷಕ್ಕಿಂತ ಹೆಚ್ಚಿನ ಅಂತರ ಉಳಿಯಲಿಲ್ಲ. ಇಪ್ಪತ್ತು ವರ್ಷದ ಕಸುಬಿನಲ್ಲಿ ನನಗೆ ಅಷ್ಟು ಹೆಮ್ಮೆಯಾದ ದಿನ ಬೇರೊಂದಿಲ್ಲ.

ಮೊದಲ ಎರಡು ಸುತ್ತು ಆಯಾ ಕಡೆಯವರನ್ನು ಆರಿಸಲಿಕ್ಕೆ, ಒಂದು ಬಂಟ್ವಾಳದಲ್ಲಿ ನಡೆಯಿತು, ಇನ್ನೊಂದು ಬೆಳ್ತಂಗಡಿಯಲ್ಲಿ. ನಾನು ಟೆಂಪೋದಲ್ಲಿ ಒಲೆ, ಸಿಲಿಂಡರ್, ರಬ್ಬರ್ ಪೈಪುಗಳನ್ನು ಹೇರಿಕೊಂಡು ಬೆಳಿಗ್ಗೆಯೇ ಹೋಗಿ, ಎಲ್ಲ ಜೋಡಿಸಿ, ಪ್ರತಿ ಸಂದಿಗೂ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೋ ಎಂದು ನೋಡುತ್ತಿದ್ದೆ. ಸ್ಪರ್ಧಿಗಳು ಬಂದ ಮೇಲೆ ಒಲೆ ಹೇಗೆ ತಿರುಗಿಸಬೇಕೆಂದು ತೋರಿಸುವುದಷ್ಟೇ ನನ್ನ ಮಾತು. ಅಡುಗೆಯ ಬಗ್ಗೆ ತುಟಿ ಬಿಚ್ಚುವಂತಿಲ್ಲ ಎಂದು ನಿರ್ಮಾಪಕರು ಮೊದಲೇ ಹೇಳಿದ್ದರು.

ಬೆಳ್ತಂಗಡಿಯ ಸುತ್ತಿಗೆ ಒಬ್ಬ ಹೆಂಗಸು ಬಂದರು. ಮೂವತ್ತಾರು, ಮೂವತ್ತೇಳರ ವಯಸ್ಸು. ಮನೆ ಗುರುವಾಯನಕೆರೆಯ ಹತ್ತಿರ, ಕೆಲಸ ಮೂಡುಬಿದಿರೆಯ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ. ನಾನೂರು ಹುಡುಗಿಯರಿಗೆ ದಿನಕ್ಕೆ ಮೂರು ಹೊತ್ತು ಬೇಯಿಸಿ ಹಾಕುವ ಅಡುಗೆಯವರು. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ.

ಅವರ ತೊಂದರೆ ನನಗೆ ಆ ದಿನವೇ ಕಂಡಿತು. ನಾಲ್ಕು ತಟ್ಟೆಗೆ ಸಾರು ಮಾಡಬೇಕಿತ್ತು. ಅವರ ಕೈ ಉಪ್ಪಿನ ಡಬ್ಬಿಗೆ ಹೋದರೆ ಮುಷ್ಟಿ ತುಂಬಿಯೇ ಹೊರಬರುತ್ತಿತ್ತು. ಅಷ್ಟನ್ನೂ ಹಾಕಲು ಹೋಗಿ, ತಡೆದು, ಮುಕ್ಕಾಲು ಪಾಲು ಹಿಂದಕ್ಕೆ ಸುರಿಯುತ್ತಿದ್ದರು. ಒಗ್ಗರಣೆ ಕ್ಷಣದಲ್ಲಿ ಕಪ್ಪಾಯಿತು. ಹಾಸ್ಟೆಲಿನ ಹಂಡೆಯಲ್ಲಿ ಎಣ್ಣೆ ಕಾಯಲು ಹತ್ತು ನಿಮಿಷ ಬೇಕು. ಇಲ್ಲಿ ಅಂಗೈಯಗಲದ ಬಾಣಲೆ. ಇವರು ತೆಂಗಿನಕಾಯಿಯ ಕಡೆ ತಿರುಗಿ ನೋಡುವಷ್ಟರಲ್ಲಿ ಸಾಸಿವೆ ಸುಟ್ಟಿತ್ತು. ಹೇಗೋ ಕೊನೆಯ ಸ್ಥಾನದಲ್ಲಿ ಮುಂದಿನ ಸುತ್ತಿಗೆ ಆಯ್ಕೆಯಾದರು.

ನಾನು ಪೈಪು ಸುತ್ತುತ್ತಿದ್ದಾಗ ಹತ್ತಿರ ಬಂದು ನಿಂತರು.

"ಅಣ್ಣ, ಈ ಒಲೆಯ ಬೆಂಕಿ ನನಗೆ ಅರ್ಥವೇ ಆಗುದಿಲ್ಲ. ನಮ್ಮಲ್ಲಿ ದೊಡ್ಡ ಬರ್ನರ್, ಬುಸ್ಸಂತ ಶಬ್ದ ಬರ್ತದೆ. ಶಬ್ದ ಕೇಳಿಯೇ ನಾನು ಅಡುಗೆ ಮಾಡುದು. ಇದು ಮಾತೇ ಆಡುದಿಲ್ಲ."

ಒಲೆಯ ಬಗ್ಗೆ ಹೇಳಲು ನನಗೆ ಅಡ್ಡಿಯಿರಲಿಲ್ಲ. ದೊಡ್ಡ ಬರ್ನರು, ಸಣ್ಣ ಬರ್ನರು, ಗುಂಡಿಯನ್ನು ಎಲ್ಲಿಗೆ ತಿರುಗಿಸಿದರೆ ಎಷ್ಟು ಉರಿ ಎಂದು ತೋರಿಸಿದೆ. "ಒಗ್ಗರಣೆಗೆ ಸಣ್ಣ ಬರ್ನರ್ ಇಟ್ಕೊಳ್ಳಿ ಅಕ್ಕ. ಮತ್ತೆ ಬೆಂಕಿಯ ಚಿಂತೆ ನಿಮಗೆ ಬೇಡ. ಬೆಂಕಿ ನಾನು ನೋಡಿಕೊಳ್ತೇನೆ, ನೀವು ಪಾತ್ರೆ ನೋಡಿ" ಎಂದೆ.

ಅವರು ಆ ಮಾತನ್ನು ಹಾಗೇ ನಂಬಿದರು.

ಮೂರನೆಯ ಸುತ್ತಿನಿಂದ ಎಲ್ಲವೂ ಮೂಡುಬಿದಿರೆಯ ಒಂದು ಸಭಾಭವನದಲ್ಲಿ. ಭವನದವರು ಸಸ್ಯಾಹಾರಕ್ಕೆ ಮಾತ್ರ ಒಪ್ಪಿದ್ದರು. ಶೂಟಿಂಗ್ ಎಂದರೆ ಏನೆಂದು ನಾನು ಕಲಿತದ್ದು ಅಲ್ಲಿ. ಕ್ಯಾಮೆರಾ ಎರಡೇ. ಅಡುಗೆ ಮುಗಿದ ಮೇಲೆ ಒಂದೊಂದೇ ತಟ್ಟೆಯ ಚಿತ್ರ ತೆಗೆದು, ತೀರ್ಪುಗಾರರು ರುಚಿ ನೋಡುವಷ್ಟರಲ್ಲಿ ಗಂಟೆ ಕಳೆಯುತ್ತಿತ್ತು. ಪಲ್ಯ ತಣ್ಣಗಾಗಿ ಎಣ್ಣೆ ಬಿಡುತ್ತಿತ್ತು. ಕರೆಂಟು ಹೋದರೆ ಜನರೇಟರ್ ಬರುವವರೆಗೆ ಎಲ್ಲರೂ ಕೈ ಕಟ್ಟಿ ನಿಲ್ಲಬೇಕು, ಒಲೆಯ ಮೇಲಿದ್ದದ್ದು ಮಾತ್ರ ಬೇಯುತ್ತಲೇ ಇರುತ್ತಿತ್ತು. ಒಮ್ಮೆ ವಾರ ಬಿಟ್ಟು ಹೋದಾಗ ಎರಡು ಒಲೆಗಳ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಹಳದಿ ಬೆಂಕಿ, ಪಾತ್ರೆಯ ತಳಕ್ಕೆಲ್ಲ ಮಸಿ. ಅಂದು ನಾನು ಕೈ ಎತ್ತಿ ಶೂಟಿಂಗ್ ನಿಲ್ಲಿಸಿದೆ, ಕೊಳವೆ ಬಿಡಿಸಿದೆ, ಮತ್ತೆ ಮೊದಲಿನಿಂದ ಶುರು ಮಾಡಿದರು. ಒಲೆಯಲ್ಲಿ ತೊಂದರೆ ಕಂಡರೆ ನಾನು ಕೈ ಎತ್ತಬೇಕು, ಎತ್ತಿದರೆ ನಿಲ್ಲಿಸಬೇಕು ಎಂಬ ಕರಾರು ನನ್ನ ಮತ್ತು ನಿರ್ಮಾಪಕರ ನಡುವೆ ಇತ್ತು.

ಈ ಸುತ್ತುಗಳಲ್ಲಿ ಅಕ್ಕ ಬೇರೆಯೇ ಆದರು. ಹಾಸ್ಟೆಲಿನಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಒಂದು ಸಣ್ಣ ಪಾತ್ರೆಯಲ್ಲಿ ನಾಲ್ಕೇ ಜನಕ್ಕೆ ಅಡುಗೆ ಮಾಡಿ ಕೈ ಪಳಗಿಸಿಕೊಳ್ಳುತ್ತಿದ್ದರಂತೆ. "ಮುಷ್ಟಿಯ ಲೆಕ್ಕ ಬಿಟ್ಟೆ ಅಣ್ಣ, ಈಗ ಮೂರು ಬೆರಳಿನ ಲೆಕ್ಕ" ಎಂದು ನಕ್ಕರು. ಕ್ಯಾಮೆರಾದ ಎದುರು ಕನ್ನಡದಲ್ಲೇ ಮಾತಾಡಬೇಕಿತ್ತು. ತುಳುವಿನಲ್ಲಿ ಪಟಪಟ ಮಾತಾಡುವ ಅವರು ನಿರೂಪಕಿ ಪ್ರಶ್ನೆ ಕೇಳಿದರೆ ಶಾಲೆಯ ಮಗುವಿನಂತೆ ನೆಟ್ಟಗೆ ನಿಂತು, "ನಾನು ಈಗ ತೆಂಗಿನಕಾಯಿಯನ್ನು ತುರಿಯುತ್ತಿದ್ದೇನೆ" ಎನ್ನುತ್ತಿದ್ದರು. ಆದರೆ ತಟ್ಟೆ ಮಾತಾಡುತ್ತಿತ್ತು. ಹಿರಿಯ ತೀರ್ಪುಗಾರರು ದೊಡ್ಡ ಹೋಟೆಲುಗಳಲ್ಲಿ ಮೂವತ್ತು ವರ್ಷ ಬಾಣಸಿಗರಾಗಿದ್ದವರು, ಯಾರನ್ನೂ ಹೊಗಳುವವರಲ್ಲ. ಅಕ್ಕನ ಹುರುಳಿ ಸಾರಿನ ಬಟ್ಟಲನ್ನು ಅವರು ಕ್ಯಾಮೆರಾ ನಿಂತ ಮೇಲೂ ಕೆಳಗಿಡಲಿಲ್ಲ.

ಕೊನೆಯ ಸುತ್ತಿಗೆ ಮೂವರು ಉಳಿದರು: ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದ ಒಬ್ಬಳು ವಿದ್ಯಾರ್ಥಿನಿ, ಕಲ್ಲಡ್ಕದ ಕಡೆಯ ಒಬ್ಬರು ಗೃಹಿಣಿ, ಮತ್ತು ಅಕ್ಕ.

ಅದಕ್ಕೆ ಮೂರು ದಿನ ಅಭ್ಯಾಸ, ಒಂದು ದಿನ ಶೂಟಿಂಗ್. ಹಾಸ್ಟೆಲಿನಲ್ಲಿ ಅದು ಪರೀಕ್ಷೆಯ ಸಮಯ. ರಜೆ ಕೊಡುವುದಿಲ್ಲ, ಹೋದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದರು ಮೇಲ್ವಿಚಾರಕಿ. ಅಕ್ಕ ನನಗೆ ಫೋನು ಮಾಡಿದರು. ಹಾಸ್ಟೆಲಿನ ಎದುರಿನ ಬೂತಿನಿಂದ ಮಾಡಿದ್ದು, ಹಿಂದೆ ಬಸ್ಸುಗಳ ಹಾರ್ನು ಕೇಳುತ್ತಿತ್ತು.

"ಎಂತ ಮಾಡುದು ಅಣ್ಣ? ಹನ್ನೊಂದು ವರ್ಷದ ಕೆಲಸ."

"ನಿಮಗೆ ಎಂತ ಅನ್ನಿಸ್ತದೆ?"

"ನನಗೆ ಹೋಗಬೇಕು ಅಂತಲೇ ಉಂಟು. ಆದ್ರೆ ಹೆದರಿಕೆ. ಅಲ್ಲಿ ನಾನೊಬ್ಬಳೇ ಓದದವಳು."

ನಾನು ಆಗ ಸುಮ್ಮನಿರಬಹುದಿತ್ತು. ಮನೆಯವರನ್ನು ಕೇಳಿ ಎನ್ನಬಹುದಿತ್ತು. "ಬಿಟ್ಟು ಬನ್ನಿ ಅಕ್ಕ. ಗೆಲ್ಲುದು ನೀವೇ. ನಾನು ಎಲ್ಲರ ಅಡುಗೆಯೂ ನೋಡಿದ್ದೇನಲ್ಲ" ಎಂದೆ. ಮಾರನೆಯ ದಿನ ಅವರು ಹಾಸ್ಟೆಲಿನ ಉಗ್ರಾಣದ ಬೀಗದ ಕೈ ಒಪ್ಪಿಸಿ ಬಂದರು.

ಕೊನೆಯ ಸುತ್ತಿಗೆ ವೇದಿಕೆ ಚೆಂದ ಕಾಣಬೇಕೆಂದು ನಿರ್ಮಾಪಕರ ಆಸೆ. ಕೆಂಪು ಸಿಲಿಂಡರುಗಳು ಕಣ್ಣಿಗೆ ಬೀಳಬಾರದು, ಒಲೆಗಳ ಸುತ್ತ ಬಣ್ಣದ ಹಲಗೆ ಕೂರಿಸಬೇಕು. ಹಲಗೆ ಕೂರಿಸಿದ ಮೇಲೆ ಅಡುಗೆ ಮಾಡುವವರಿಗೆ ನಿಂತಲ್ಲಿಂದ ಪಾತ್ರೆ ಮಾತ್ರ ಕಾಣುತ್ತಿತ್ತು, ಬೆಂಕಿ ಕಾಣುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕುಳಿತ ನನಗೆ ಮಾತ್ರ ಮೂರೂ ಒಲೆಗಳ ಬೆಂಕಿ ಕಾಣುತ್ತಿತ್ತು. ಗ್ಯಾಸು ಗೋಡೆಯ ಹೊರಗಿಂದ ಒಂದೇ ಪೈಪಿನಲ್ಲಿ ಬಂದು ಮೊದಲನೆ, ಎರಡನೆ, ಮೂರನೆ ಒಲೆಗೆ ಸಾಲಾಗಿ ಹೋಗುವಂತೆ ಮಾಡಿದೆ. ಹೊರಗೆ ಎರಡು ದೊಡ್ಡ ಸಿಲಿಂಡರು. ಒಮ್ಮೆಗೆ ಒಂದನ್ನೇ ಜೋಡಿಸಬಹುದು. ಒಂದು ತುಂಬಿದ್ದು, ಇನ್ನೊಂದು ಹಿಂದಿನ ಸುತ್ತಿನಲ್ಲಿ ಬಳಸಿ ಉಳಿದದ್ದು. ಹಳೆಯದರಲ್ಲಿ ಶುರು ಮಾಡಿ, ನಡುವೆ ಹದಿನೈದು ನಿಮಿಷದ ವಿರಾಮವಿತ್ತಲ್ಲ, ಆಗ ತುಂಬಿದ್ದಕ್ಕೆ ಬದಲಿಸುವುದೆಂದು ಲೆಕ್ಕ ಹಾಕಿದೆ. ಹಳೆಯದನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿದೆ, ಅರ್ಧಕ್ಕಿಂತ ಹೆಚ್ಚಿದೆ ಅನ್ನಿಸಿತು. ತೂಗಿ ನೋಡಲಿಲ್ಲ. ತಕ್ಕಡಿ ಬಂಟ್ವಾಳದ ಅಂಗಡಿಯಲ್ಲಿತ್ತು.

ಶೂಟಿಂಗ್ ಶುರುವಾಗಲು ಐದು ನಿಮಿಷವಿದೆ ಎನ್ನುವಾಗ ನಿರ್ಮಾಪಕರು ಬಂದು, ಹಿರಿಯ ತೀರ್ಪುಗಾರರು ಸಂಜೆಯ ರೈಲು ಹಿಡಿಯಬೇಕು, ವಿರಾಮ ಇಲ್ಲ, ಒಂದೂವರೆ ಗಂಟೆ ಒಂದೇ ಓಟ ಎಂದರು.

"ಸಿಲಿಂಡರ್ ಬದಲಿಸ್ಲಿಕ್ಕೆ ಉಂಟು" ಎಂದೆ.

"ಒಂದೂವರೆ ಗಂಟೆ ಬರುದಿಲ್ವಾ?"

"ಬರಬಹುದು."

ಆ 'ಬರಬಹುದು' ನನ್ನದೇ ಬಾಯಿಂದ ಬಂದದ್ದು.

ಚೀಟಿ ಎತ್ತಿದಾಗ ಅಕ್ಕನಿಗೆ ಮೂರನೇ ಒಲೆ ಬಂತು. ಅವರು ಆರಿಸಿಕೊಂಡದ್ದು ನೀರುದೋಸೆ, ಅದಕ್ಕೆ ನಂಜಿಕೊಳ್ಳಲು ಬಸಳೆ ಮತ್ತು ಹಲಸಿನಬೀಜದ ಗಸಿ, ಸಿಹಿಗೆ ರಾಗಿ ಮಣ್ಣಿ. ನಾನೂರು ಜನರ ಹಾಸ್ಟೆಲಿನಲ್ಲಿ ನೀರುದೋಸೆ ಮಾಡುವ ಮಾತೇ ಇಲ್ಲ, ಒಂದೊಂದಾಗಿ ಹೊಯ್ಯಬೇಕಲ್ಲ. "ಹನ್ನೊಂದು ವರ್ಷದಿಂದ ಯಾರಿಗಾದ್ರೂ ನೀರುದೋಸೆ ಬಿಸಿಬಿಸಿ ಹೊಯ್ದು ಕೊಡಬೇಕು ಅಂತ ಆಸೆ" ಎಂದಿದ್ದರು. ಅದನ್ನು ಕೊನೆಗೆ ಇಟ್ಟುಕೊಂಡಿದ್ದರು, ತಟ್ಟೆಗೆ ಬಿಸಿಯಾಗಿ ಬೀಳಲಿ ಎಂದು. ಸರಿಯಾದ ಕ್ರಮವೇ ಅದು.

ಒಂದು ಗಂಟೆ ಎಲ್ಲ ಸರಿಯಾಗಿತ್ತು. ಗಸಿ ಇಳಿಸಿದರು, ಮಣ್ಣಿಯನ್ನು ತಟ್ಟೆಗೆ ಸುರಿದು ಆರಲು ಇಟ್ಟರು. ಉಳಿದಿಬ್ಬರ ಒಲೆಯ ಕೆಲಸ ಬಹುಪಾಲು ಮುಗಿದು ಅವರು ತಟ್ಟೆ ಸಿಂಗರಿಸತೊಡಗಿದ್ದರು. ಅಕ್ಕ ಕಬ್ಬಿಣದ ಕಾವಲಿ ಇಟ್ಟರು. ಇಪ್ಪತ್ತು ನಿಮಿಷ ಉಳಿದಿತ್ತು. ಆಗ ನಾನು ನೋಡಿದೆ, ಮೂರನೇ ಒಲೆಯ ನೀಲಿ ನಾಲಗೆಗಳು ಗಿಡ್ಡವಾಗುತ್ತಿದ್ದವು. ಮೊದಲನೆಯದು ಇನ್ನೂ ಚೆನ್ನಾಗಿತ್ತು. ಸಿಲಿಂಡರ್ ಖಾಲಿಯಾಗುತ್ತ ಬಂದರೆ ಪೈಪಿನ ತುದಿಯ ಒಲೆಗೆ ಮೊದಲು ಗೊತ್ತಾಗುತ್ತದೆ.

ನನ್ನ ಕೈ ಅರ್ಧ ಎದ್ದಿತು. ಎದುರು ನಿಂತಿದ್ದ ನಿರ್ಮಾಪಕರು ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಗಡಿಯಾರ ತೋರಿಸಿದರು. ನಾನು ಕೈ ಇಳಿಸಿದೆ. ರೆಗ್ಯುಲೇಟರನ್ನು ಸ್ವಲ್ಪ ತೆರೆದರೆ ಸಾಕೆಂದುಕೊಂಡು ಹಿಂಬಾಗಿಲಿನಿಂದ ಹೊರಗೆ ಓಡಿದೆ. ಮಳೆ ಹೊಯ್ಯುತ್ತಿತ್ತು. ಟಾರ್ಪಾಲಿನಡಿ ಬಗ್ಗಿ ತಿರುಗಿಸಿ ಒಳಗೆ ಬಂದು ನೋಡಿದರೆ ಬೆಂಕಿ ಎದ್ದಿತ್ತು. ಒಂದು ನಿಮಿಷ ಇತ್ತು, ಮತ್ತೆ ಕುಸಿಯಿತು.

ಅಕ್ಕ ಮೊದಲ ದೋಸೆ ಹೊಯ್ದರು. ಕಾದ ಕಾವಲಿಗೆ ಬಿದ್ದರೆ ನೀರುದೋಸೆ ಚುಂಯ್ ಎಂದು ಜಾಲರಿಯಂತೆ ಕಣ್ಣು ಬಿಡಬೇಕು. ಅದು ಬಿಳಿ ಗಂಜಿಯಂತೆ ಹರಡಿ ನಿಂತಿತು. ಎಬ್ಬಿಸಲು ಹೋದರೆ ಕಾವಲಿಗೆ ಕಚ್ಚಿ ಹರಿಯಿತು. ಅವರು ಬೆಂಕಿಯ ಕಡೆ ನೋಡಲಿಲ್ಲ. ಹಲಗೆ ಇತ್ತು, ಮತ್ತೆ ಬೆಂಕಿ ನೋಡಿಕೊಳ್ಳಲು ನಾನಿದ್ದೆ. ಹಿಟ್ಟಿನ ಪಾತ್ರೆ ನೋಡಿದರು. ಸ್ವಲ್ಪ ಅಕ್ಕಿಹಿಟ್ಟು ಬೆರೆಸಿದರು. ಎರಡನೆಯದು ದಪ್ಪವಾಗಿ ಬಂತು, ಅದೂ ಹರಿಯಿತು. ಕಾವಲಿ ಒರೆಸಿ ಎಣ್ಣೆ ಹಚ್ಚಿದರು. ಮತ್ತೆ ನೀರು ಬೆರೆಸಿದರು. ಅವರ ಹಣೆಯ ಬೆವರನ್ನು ಕ್ಯಾಮೆರಾ ಹತ್ತಿರದಿಂದ ಹಿಡಿಯುತ್ತಿತ್ತು.

ನಾನು ನಿರ್ಮಾಪಕರ ಹತ್ತಿರ ಹೋಗಿ ಕಿವಿಯಲ್ಲಿ, "ನಿಲ್ಲಿಸಿ. ಗ್ಯಾಸ್ ಮುಗೀತಾ ಬಂತು" ಎಂದೆ.

"ಎಷ್ಟು ಹೊತ್ತು ಬೇಕು?"

"ಬದಲಿಸಿ, ಗಾಳಿ ಬಿಟ್ಟು, ಮತ್ತೆ ಹೊತ್ತಿಸ್ಲಿಕ್ಕೆ ಹತ್ತು ನಿಮಿಷ. ಮೂರೂ ಒಲೆ ಆರ್ತದೆ."

"ಇನ್ನು ಆರು ನಿಮಿಷ ಇರುದು ಮಾರಾಯ್ರೆ. ಸುಮ್ಮನೆ ಕೂತ್ಕೊಳ್ಳಿ."

ಕೈ ಎತ್ತಿದರೆ ಶೂಟಿಂಗ್ ನಿಲ್ಲಲೇಬೇಕಿತ್ತು. ಕರಾರು ಹಾಗಿತ್ತು, ಕಣಜದ ಗೂಡಿನ ದಿನ ನಿಂತೂ ಇತ್ತು. ಆದರೆ ಅಂದಿನದು ಕಣಜದ ತಪ್ಪು, ಇದು ನನ್ನದು. ತೂಗದೆ ಸಿಲಿಂಡರ್ ಜೋಡಿಸಿದವನು ನಾನೆಂದು ಅಷ್ಟು ಜನರ ಎದುರು ಹೇಳಬೇಕಿತ್ತು. ನಾನು ಹೋಗಿ ಕುರ್ಚಿಯಲ್ಲಿ ಕುಳಿತೆ. ಆರು ನಿಮಿಷ ಕುಳಿತೇ ಇದ್ದೆ.

ಅಕ್ಕನ ತಟ್ಟೆಗೆ ನಾಲ್ಕು ದೋಸೆ ಬಿದ್ದವು. ಒಂದೂ ಇಡಿಯಾಗಿರಲಿಲ್ಲ.

ತೀರ್ಪುಗಾರರು ರುಚಿ ನೋಡಿ ಅಂಕ ಬರೆಯಲು ಒಳಕೋಣೆಗೆ ಹೋದಾಗ ನಾನು ಹಿಂದೆಯೇ ಹೋದೆ. ಹಿರಿಯ ತೀರ್ಪುಗಾರರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಇದನ್ನು ಆಗಲೇ ಹೇಳಬೇಕಿತ್ತಲ್ಲ?"

"ಹೌದು ಸರ್."

"ಗಸಿ ಬಹಳ ಒಳ್ಳೆಯದಾಗಿತ್ತು" ಎಂದು ಅವರು ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು. ನಿರ್ಮಾಪಕರನ್ನು ಕರೆಸಿದರು. ಇನ್ನೊಮ್ಮೆ ದೋಸೆ ಹೊಯ್ಯಲು ಬಿಡಬಹುದೇ ಎಂದು ಕೇಳಿದರು. ಉಳಿದಿಬ್ಬರು ಒಪ್ಪುವುದಿಲ್ಲ, ಬೆಳಕಿನವರು ತಂತಿ ಸುತ್ತಲು ಶುರು ಮಾಡಿದ್ದಾರೆ, ನಿಮ್ಮ ರೈಲಿಗೆ ಹೊತ್ತಾಯಿತು ಎಂದರು ನಿರ್ಮಾಪಕರು. ಹಿರಿಯರು ಗಡಿಯಾರ ನೋಡಿಕೊಂಡರು. ನಾನು ಅವರನ್ನು ದೂರುವುದಿಲ್ಲ. "ಎದುರಿಗೆ ಬಂದ ತಟ್ಟೆಗೆ ಮಾತ್ರ ನಾನು ಅಂಕ ಕೊಡಬಲ್ಲೆ" ಎಂದು ಮತ್ತೆ ಪೆನ್ನು ಎತ್ತಿಕೊಂಡರು.

ಹೊರಗೆ ಬರುವಾಗ ನಿರ್ಮಾಪಕರು ನನ್ನ ಭುಜದ ಮೇಲೆ ಕೈಯಿಟ್ಟು, "ಅವರಿಗೆ ಹೇಳ್ಲಿಕ್ಕೆ ಹೋಗ್ಬೇಡಿ. ಹೇಳಿ ಎಂತ ಪ್ರಯೋಜನ? ಬೇಸರ ಹೆಚ್ಚಾಗುದು ಅಷ್ಟೆ" ಎಂದರು. ಆ ಮಾತು ಕೇಳಿ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಿರಾಳ.

ವಿದ್ಯಾರ್ಥಿನಿ ಗೆದ್ದಳು. ಅವಳ ಅಡುಗೆ ನಿಜವಾಗಿಯೂ ಚೆನ್ನಾಗಿತ್ತು. ಅಕ್ಕ ಮೂರನೆಯವರಾದರು. ಸ್ಮರಣಿಕೆ ಹಿಡಿದು ನಕ್ಕು, ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದರು.

"ಹಿಟ್ಟು ನೀರಾಯ್ತು ಅಣ್ಣ. ಅಕ್ಕಿ ನೆನೆದದ್ದು ಹೆಚ್ಚಾಯ್ತಾ ಎಂತದೋ. ನಿಮಗೆ ತುಂಬ ಉಪಕಾರ ಆಯ್ತು, ಇಷ್ಟು ದಿನ ಬೆಂಕಿ ನೋಡಿಕೊಂಡ್ರಿ."

ನಾನು ಪೈಪು ಸುತ್ತುತ್ತಿದ್ದೆ. ತಲೆ ಎತ್ತಲಿಲ್ಲ. "ಬಸ್ಸಿಗೆ ಹೊತ್ತಾಗ್ತದೆ, ಹೋಗಿ ಅಕ್ಕ" ಎಂದೆ.

ಅಕ್ಕನ ಬಳಿ ಬರಿಗೈಯಲ್ಲಿ ಹೋಗಿ ತಪ್ಪು ಒಪ್ಪಿಕೊಳ್ಳುವುದು ಬೇಡ, ಏನಾದರೂ ಒಳ್ಳೆಯ ಸುದ್ದಿಯೊಂದಿಗೆ ಹೋಗುವ ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಹಳೆಯ ಕೆಲಸ ಮತ್ತೆ ಕೊಡುತ್ತಾರೋ ಎಂದು ಕೇಳಲು ಹಾಸ್ಟೆಲಿಗೆ ಹೋದೆ. ಅಷ್ಟರಲ್ಲಿ ಅಲ್ಲಿಯ ಅಡುಗೆಯನ್ನು ಕಂಟ್ರಾಕ್ಟಿಗೆ ಕೊಟ್ಟಾಗಿತ್ತು. ಮಂಗಳೂರಿನ ಆ ಹೋಟೆಲಿಗೆ ಎರಡು ಸಲ ಹೋದೆ. ಮೊದಲ ಸಲ ಅಧಿಕಾರಿ, ಗೆದ್ದವರಿಗೆ ಮಾತ್ರ ಎಂದರು. ಎರಡನೆಯ ಸಲ ಹೋಗುವಷ್ಟರಲ್ಲಿ ಗೆದ್ದ ಹುಡುಗಿ ಹಡಗಿನ ಕೆಲಸ ಸಿಕ್ಕಿ ಬಿಟ್ಟುಹೋಗಿದ್ದಳು, ಜಾಗ ಖಾಲಿಯಿತ್ತು. ಅಧಿಕಾರಿ ಅಕ್ಕನ ವಯಸ್ಸು ಕೇಳಿದರು, ಓದು ಕೇಳಿದರು. ನಾನು ಹೇಳಿದೆ. ಅವರು ಕೇಳಿದ್ದನ್ನು ಬರೆದುಕೊಳ್ಳಲೂ ಇಲ್ಲ.

ಹೀಗೆ ಎರಡು ತಿಂಗಳು ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಕೊನೆಯ ಸುತ್ತು ಪ್ರಸಾರವಾಯಿತು. ಮನೆಯಲ್ಲಿ ಎಲ್ಲರೂ ಟಿವಿಯ ಎದುರು ಕುಳಿತಿದ್ದೆವು. ಅಕ್ಕ ಕಾವಲಿ ಇಟ್ಟರು, ಹಿಟ್ಟು ಹೊಯ್ದರು. ಕೂಡಲೇ ಪರದೆಯ ತುಂಬ ಬೆಂಕಿ ಕಾಣಿಸಿತು. ನೀಲಿಯಾಗಿ, ನೆಟ್ಟಗೆ, ಸುತ್ತಲೂ ಒಂದೇ ಸಮನಾಗಿ ಉರಿಯುವ ಬೆಂಕಿ. ಮತ್ತೆ ಹರಿದ ದೋಸೆ. ಮತ್ತೆ ಬೆಂಕಿ.

ಅದು ಮೂರನೇ ಒಲೆಯಲ್ಲ. ಮೂರನೆಯದಕ್ಕೆ ಹಿತ್ತಾಳೆಯ ಬರ್ನರ್. ಪರದೆಯ ಮೇಲಿದ್ದದ್ದು ಕಪ್ಪು ಎರಕದ ಕಬ್ಬಿಣದ್ದು, ಮೊದಲನೇ ಒಲೆಯದು. ಬೇರೆ ಯಾವುದೋ ದಿನ ತೆಗೆದ ಚಿತ್ರವನ್ನು ಚೆಂದಕ್ಕೆಂದು ನಡುವೆ ಸೇರಿಸಿದ್ದರು. ಸೇರಿಸಿದವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು.

"ಇಷ್ಟು ಒಳ್ಳೆ ಬೆಂಕಿ ಇದ್ದೂ ದೋಸೆ ಬರ್ಲಿಲ್ವಲ್ಲ, ಪಾಪ" ಎಂದಳು ನನ್ನ ಹೆಂಡತಿ.

ಮರುದಿನವೇ ನಾನು ಗುರುವಾಯನಕೆರೆಗೆ ಬಸ್ಸು ಹತ್ತಿದೆ. ಅಕ್ಕ ಈಗ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದರು. ಸಂಜೆ ಅವರು ಬರುವವರೆಗೆ ಅವರ ತಾಯಿಯ ಜೊತೆ ಜಗಲಿಯಲ್ಲಿ ಕುಳಿತೆ. ಬಂದವರು ಕೈಕಾಲು ತೊಳೆದು, ಗೇರೆಣ್ಣೆಗೆ ಕಪ್ಪಾದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದುರು ಕುಳಿತರು.

ನಾನು ಒಂದನ್ನೂ ಬಿಡದೆ ಹೇಳಿದೆ. ತೂಗದ ಸಿಲಿಂಡರು, ಅರ್ಧ ಎತ್ತಿ ಇಳಿಸಿದ ಕೈ, ಕುಳಿತೇ ಕಳೆದ ಆರು ನಿಮಿಷ, ಎಲ್ಲವನ್ನೂ.

"ನಿನ್ನೆ ಟಿವಿಯಲ್ಲಿ ನೋಡಿದೆ ಅಣ್ಣ" ಎಂದರು ಅಕ್ಕ ಕೊನೆಗೆ. "ಬೆಂಕಿ ಒಳ್ಳೆದಿತ್ತು."

"ಅದು ನಿಮ್ಮ ಒಲೆ ಅಲ್ಲ ಅಕ್ಕ. ಅದು ಬೇರೆ ದಿನದ್ದು, ಬೇರೆ ಒಲೆ. ನನಗೆ ನೋಡಿದ್ರೆ ಗೊತ್ತಾಗ್ತದೆ."

ಅವರು ನನ್ನ ಮುಖವನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಬಚಾವಾಗುತ್ತಿದ್ದೆ.

"ನನ್ನ ಸಮಾಧಾನಕ್ಕೆ ಅಂತ ಬಂಟ್ವಾಳದಿಂದ ಇಲ್ಲಿವರೆಗೆ ಬಂದ್ರಿ. ತಪ್ಪನ್ನು ನಿಮ್ಮ ತಲೆಗೆ ಹಾಕಿಕೊಳ್ಳುದು ಬೇಡ. ನಾನು ಕಣ್ಣಾರೆ ನೋಡಿದ್ದೇನಲ್ಲ."

ಇನ್ನೊಮ್ಮೆ ಹೇಳಿದೆ. ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಪೈಪು, ಒಲೆಗಳ ಚಿತ್ರ ಬರೆದು ತೋರಿಸಿದೆ. "ಆಯ್ತು ಅಣ್ಣ, ಆಯ್ತು" ಎಂದರು, ಹಟ ಹಿಡಿದ ಮಗುವಿಗೆ ಹೇಳುವ ಹಾಗೆ. ಒಳಗೆ ಹೋಗಿ ಚಾ ತಂದುಕೊಟ್ಟರು.

ಹೊರಡುವಾಗ ಅವರ ತಾಯಿ, "ಊಟ ಮಾಡಿ ಹೋಗಿ. ನೀರುದೋಸೆ ಹೊಯ್ಯುತ್ತೇನೆ" ಎಂದರು. "ಈಗ ನಾನೇ ಹೊಯ್ಯುದು. ಇವಳು ಕಾವಲಿ ಮುಟ್ಟುದಿಲ್ಲ, ನನಗೆ ಅದು ಬರುದಿಲ್ಲ ಅಂತಾಳೆ."

ಅಕ್ಕ ಹೌದೆಂದು ತಲೆಯಾಡಿಸಿದರು.